ಅಡ್ಡ ಮಗುವಿನ ಹಾಳೆ

ನನಗೆ ಲ್ಯಾಟಿನ್ ಬರುವುದಿಲ್ಲ. ಅದಕ್ಕೇ ನನಗೆ ಲ್ಯಾಟಿನ್ ಪುಸ್ತಕ ಜೋಡಿಸುವ ಕೆಲಸ ಸಿಕ್ಕಿತು. ಹತ್ತನೆಯ ವಯಸ್ಸಿಗೆ ಪಾಠಶಾಲೆಯಿಂದ ಹೊರಬಿದ್ದವನು ನಾನು. ಒಂದು ಕ್ರಿಯಾಪದದ ಬಾಲ ತಪ್ಪಿಸಿದ್ದಕ್ಕೆ ಗುರುಗಳು ಬೆರಳ ಗಿಣ್ಣಿಗೆ ಬೆತ್ತದಲ್ಲಿ ಬಾರಿಸಿದರು, ನಾನು ಆ ಬೆತ್ತ ಕಿತ್ತುಕೊಂಡು ಕಿಟಕಿಯಿಂದ ಕಾಲುವೆಗೆ ಎಸೆದೆ. ಅಲ್ಲಿಗೆ ವಿದ್ಯೆ ಮುಗಿಯಿತು, ಅಕ್ಷರ ಮಾತ್ರ ಉಳಿಯಿತು. ಅಚ್ಚುಕೂಟದ ಯಜಮಾನ ಗೋಸೆನ್‌ಗೆ ಬೇಕಾಗಿದ್ದವನೂ ಅಂಥವನೇ. "ಲ್ಯಾಟಿನ್ ಬಲ್ಲವನನ್ನ ಕೂರಿಸಿದ್ರೆ ಸಾಲುಸಾಲಿಗೂ ನಿಂತು ಓದ್ತಾನೆ. ಓದಿ ಸುಮ್ಮನಿರ್ತಾನಾ, ತಿದ್ದೋಕೆ ಹೋಗ್ತಾನೆ. ನಿನ್ನಂಥ ಕತ್ತೇನೇ ಸರಿ ಕಣೋ ಯೋರಿಸ್. ಕಣ್ಣಿಗೆ ಕಂಡಿದ್ದು ಕೈಗಿಳಿಯುತ್ತೆ, ತಲೆಗೆ ಹತ್ತಲ್ಲ," ಎಂದು ಅವನು ಎಲ್ಲರೆದುರೇ ಹೇಳುತ್ತಿದ್ದ. ನಾನೂ ಅದನ್ನು ಹೊಗಳಿಕೆ ಎಂದುಕೊಂಡು ಆರು ವರ್ಷ ಹಲ್ಲು ಕಿರಿದೆ. ನನ್ನಷ್ಟು ಬೇಗ ಅಚ್ಚಿನ ಮೊಳೆ ಜೋಡಿಸುವವನು ಆ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ.

ನಮ್ಮ ಊರಿನಲ್ಲಿ ಅಚ್ಚಾದದ್ದು ಹೇಳಿದವರ ತಲೆಯಲ್ಲಿ ಉಳಿಯುವುದಿಲ್ಲ. ತಪ್ಪು ನೋಡಲು ತೆಗೆಯುವ ಕರಡು ಲೆಕ್ಕಕ್ಕಿಲ್ಲ, ತಿದ್ದಿ ಮುಗಿದ ಮೇಲಿನ ಮೊದಲ ಹಾಳೆ ಮೊಳೆಯಿಂದ ಬಿಟ್ಟು ಮೇಲೆದ್ದ ಗಳಿಗೆಯಲ್ಲೇ ಅದು ಹೋಗುತ್ತದೆ. ಇದು ಎಲ್ಲರಿಗೂ ಗೊತ್ತು, ಯಾರೂ ಅದನ್ನೊಂದು ದೊಡ್ಡ ಸಂಗತಿ ಮಾಡುವುದಿಲ್ಲ. ಗಂಡ ಸತ್ತ ಹೆಂಗಸರು ಆ ದಿನದ ಕಥೆ ಹೇಳಿ ಒಂದು ಹಾಳೆ ಹೊಡೆಸಿ, ಅದನ್ನು ಓದದೆ ಒಲೆಗೆ ಹಾಕಿ, ಹಗುರಾಗಿ ಮನೆಗೆ ಹೋಗುತ್ತಾರೆ. ಮುತ್ತಿಗೆಯಿಂದ ಬದುಕಿ ಬಂದ ಸಿಪಾಯಿಗಳು ಅಚ್ಚುಕೂಟದ ಮುಂದೆ ಸಾಲು ನಿಲ್ಲುತ್ತಾರೆ. ನಮ್ಮ ಪಾದ್ರಿಗಳು ವರ್ಷಕ್ಕೊಮ್ಮೆ ತಮ್ಮ ಪ್ರವಚನಗಳನ್ನು ಅಚ್ಚು ಹಾಕಿಸುತ್ತಾರೆ. ಅದಕ್ಕೆ ಹಣ ಕೂಡಿಸಿಕೊಡುವವರು ಊರಿನವರೇ, ಹಳೆಯದನ್ನೇ ಮತ್ತೆ ಕೇಳುವ ಪೀಡೆ ತಪ್ಪಲಿ ಎಂದು. ಮೇಯರ್ ಮನೆಯ ಅಡುಗೆಯವಳು ಮೀನಿನ ಸಾರಿನ ಮಾತು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ, ಕೇಳಿದವರು ಎಲ್ಲಿ ಅಚ್ಚಿಗೆ ಕೊಟ್ಟಾರೋ ಎಂದು. ಓದಿದವರಿಗೆ ಇದರಿಂದ ಏನೂ ತೊಂದರೆಯಿಲ್ಲ. ಮರೆತರೆ ಮರುದಿನ ತಮ್ಮ ಪುಸ್ತಕ ತಾವೇ ತೆರೆದು ಓದಿಕೊಳ್ಳುತ್ತಾರೆ. ಇನ್ನೂ ಜಾಣರಾದವರು ತಮ್ಮದನ್ನು ಅಚ್ಚಿಗೆ ಕೊಡುವುದೇ ಇಲ್ಲ, ಬೇರೆಯವರು ಹೇಳಿದ್ದನ್ನು ಕೊಡುತ್ತಾರೆ. ಓದು ಬಾರದವರಿಗೆ ಮಾತ್ರ ಹೋದದ್ದು ಹೋಯಿತು.

ನನ್ನ ಅವ್ವ ಬಾರ್ಬೆಲ್ ಸೂಲಗಿತ್ತಿ. ಕಾಲುವೆಯ ಆಚೆ ಈಚೆ ಎರಡೂ ದಂಡೆಯ ಅರ್ಧ ಜನ ಅವಳ ಅಂಗೈಯಲ್ಲಿ ಮೊದಲ ಉಸಿರು ಎಳೆದವರು. ಅವಳಿಗೆ ಅಕ್ಷರ ಗೊತ್ತಿಲ್ಲ. ಎರಡು ಚಳಿಗಾಲ ಡಾಕ್ಟರ್ ವಾಲ್ರಾವೆನ್ ನಮ್ಮ ಅಡುಗೆಮನೆಗೆ ಬಂದು ಹೋದರು. ದೂರದ ಪಾದುವಾದ ವಿದ್ಯಾಪೀಠದಲ್ಲಿ ಓದಿದವರು, ನಮ್ಮೂರ ಅಂಗಚ್ಛೇದದ ಮಂಟಪದಲ್ಲಿ ಹೆಣ ಕೊಯ್ದು ವಿದ್ಯಾರ್ಥಿಗಳಿಗೆ ತೋರಿಸುವವರು, ಕೊರಳಿಗೆ ಗಂಜಿ ಹಾಕಿದ ಬಿಳಿಯ ಮಡಿಕೆಪಟ್ಟಿ ಕಟ್ಟಿದವರು. ಅಂಥವರು ನಮ್ಮ ಮುಕ್ಕಾಲಿಯ ಮೇಲೆ ಕೂತು ಮಜ್ಜಿಗೆ ಕುಡಿದು, "ತಾಯಿ, ಹೆತ್ತ ಮೇಲೆ ಕಸ ಬೀಳದಿದ್ದರೆ ಏನು ಮಾಡುತ್ತೀರಿ? ಹೊಕ್ಕುಳಬಳ್ಳಿ ಎಷ್ಟು ಬೆರಳು ಬಿಟ್ಟು ಕಟ್ಟುತ್ತೀರಿ?" ಎಂದು ಕೇಳುತ್ತಿದ್ದರು. ಅವ್ವ ಕೆನ್ನೆ ಕೆಂಪಾಗಿಸಿಕೊಂಡು ಹೇಳುತ್ತಿದ್ದಳು. ಇಷ್ಟು ವರ್ಷದಲ್ಲಿ ಅವಳನ್ನು ಹಾಗೆ ಯಾರೂ ಕೇಳಿರಲಿಲ್ಲ. ನನಗೂ ಹೆಮ್ಮೆ. ಅಚ್ಚುಕೂಟದಲ್ಲಿ ಕೊಚ್ಚಿಕೊಂಡೆ. ಚಳಿಗಾಲದ ಕೊನೆಗೆ ಡಾಕ್ಟರರ ಪುಸ್ತಕ ಗೋಸೆನ್ ಕೈಗೆ ಬಂದಾಗ, "ಅವರು ನಮ್ಮ ಮನೆಗೆ ಬರೋರು, ನಾನೇ ಜೋಡಿಸ್ತೀನಿ," ಎಂದು ಬೇಡಿ ತೆಗೆದುಕೊಂಡವನು ನಾನೇ. ಈ ಮಾತನ್ನು ನೆನೆದಾಗೆಲ್ಲ ನನ್ನ ಬಾಯಿಗೆ ನಾನೇ ಗುದ್ದಿಕೊಳ್ಳಬೇಕು ಅನ್ನಿಸುತ್ತದೆ.

ಫ್ರಾಂಕ್‌ಫರ್ಟಿನ ವಸಂತದ ಪುಸ್ತಕ ಸಂತೆಗೆ ಅದು ಸಿದ್ಧವಾಗಬೇಕಿತ್ತು. ವಾರಕ್ಕೆ ಎರಡು ಹಾಳೆ ಅಚ್ಚಾಗುತ್ತಿತ್ತು. ಮೊದಲ ವಾರ ಅವ್ವ ಒಲೆಯ ಮುಂದೆ ಒಣ ಎಲೆಯ ಒಂದು ಕಟ್ಟು ಹಿಡಿದುಕೊಂಡು, "ಇದು ಯಾತಕ್ಕೆ ಬರುತ್ತೆ ಯೋರಿಸ್?" ಎಂದಳು. ರಕ್ತ ನಿಲ್ಲಿಸುವ ಎಲೆ, ನನಗೇ ಗೊತ್ತಿತ್ತು. ವಯಸ್ಸಾಯಿತಲ್ಲ ಎಂದುಕೊಂಡೆ. ಎರಡನೆಯ ವಾರ ಕಮ್ಮಾರನ ಹೆಂಡತಿಯ ಹೆರಿಗೆಯಲ್ಲಿ ಕಸ ಬೀಳದೆ, ಅವ್ವ ಕೈ ಇಳಿಬಿಟ್ಟು ನಿಂತಳಂತೆ. ಪಕ್ಕದ ಮನೆಯ ಕೊರ್ನೇಲಿಯ ಅದನ್ನು ನೋಡಿ ಬಂದು ನನಗೆ ಹೇಳಿದಳು. "ಅವರಪ್ಪನ ಪುಣ್ಯ, ತಾನಾಗೇ ಬಿತ್ತು. ನಿಮ್ಮವ್ವ ಏನು, ಎಲ್ಲಾನೂ ಅಚ್ಚಿಗೆ ಕೊಟ್ಟವಳ ಹಾಗೆ ಕಣ್ಣು ಬಿಡ್ತಾಳಲ್ಲೋ!" ಎಂದು ನಕ್ಕಳು. ಊರಿನಲ್ಲಿ ಯಾರು ಏನು ಮರೆತರೂ ಎಲ್ಲರೂ ಮಾಡುವ ನಗೆಯ ಮಾತು ಅದು. ನಾನೂ ನಕ್ಕೆ. ನಕ್ಕು ಮರುದಿನ ಹೋಗಿ ಮುಂದಿನ ಹಾಳೆ ಜೋಡಿಸಿದೆ.

ಹದಿಮೂರನೆಯ ಹಾಳೆಗೆ ಒಂದು ಮರದ ಚಿತ್ರದಚ್ಚು ಬಂತು. ಪುಟದ ಮಧ್ಯೆ ಅದನ್ನು ಕೂರಿಸಿ, ಸುತ್ತ ಚೌಕಟ್ಟಿನಲ್ಲಿ ಮೊಳೆ ಬಿಗಿದು, ಶಾಯಿ ಹಚ್ಚಿ ಒಂದು ಕರಡು ತೆಗೆದೆ. ಕೊಯ್ದು ತೆರೆದ ಹೊಟ್ಟೆ. ಒಳಗೆ ಅಡ್ಡ ಮಲಗಿದ ಮಗು. ಅದರ ಕಾಲು ಹಿಡಿದ ಒಂದು ಹೆಂಗಸಿನ ಕೈ. ಆ ಕೈಯ ಕಿರುಬೆರಳು ಹೊರಕ್ಕೆ ಸೊಟ್ಟ. ಅವ್ವ ಮದುವೆಗೆ ಮುಂಚೆ ಹೆರಿಂಗ್ ಮೀನಿನ ಪೀಪಾಯಿಯ ಕೆಳಗೆ ಸಿಕ್ಕಿಸಿಕೊಂಡ ಬೆರಳು ಅದು. ಚಿಕ್ಕಂದಿನಲ್ಲಿ ಅದನ್ನೇ ಹಿಡಿದುಕೊಂಡು ನಾನು ಸಂತೆ ಸುತ್ತಿದ್ದೇನೆ. ಹಸಿ ಕರಡನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದೆ. ಹನ್ನೆರಡು ಹಾಳೆ. ಅಕ್ಷರ ಅಕ್ಷರವಾಗಿ, ಒಂದೂ ತಪ್ಪಿಲ್ಲದೆ, ನನ್ನ ಈ ಎರಡು ಕೈಯಿಂದ ನಾನು ಅವ್ವನ ತಲೆ ಖಾಲಿ ಮಾಡಿದ್ದೆ. ಏನು ಮಾಡುತ್ತಿದ್ದೇನೆ ಎಂದು ಓದಿ ತಿಳಿಯಲು ನನಗೆ ಬರುತ್ತಿರಲಿಲ್ಲ.

ಉಳಿದದ್ದು ಈ ಹಾಳೆ. ಮತ್ತು ಮನೆಯಲ್ಲಿ ನನ್ನ ತಂಗಿ ಎಲ್ಸ್ಕೆ ತುಂಬಿದ ಬಸುರಿ. ಅವಳ ಗಂಡ ಉತ್ತರದ ಸಮುದ್ರದಲ್ಲಿ ಮೀನಿನ ಹಡಗಿನಲ್ಲಿದ್ದ. ಅವಳ ಮಗು ಅಡ್ಡ ಬಿದ್ದಿತ್ತು. ಅವ್ವ ಹೊಟ್ಟೆ ಸವರಿ ನೋಡಿ, "ಇರಲಿ ಬಿಡು, ಹೊತ್ತು ಬಂದಾಗ ನಾನು ತಿರುಗಿಸ್ತೀನಿ. ನಿನ್ನಂಥ ಹನ್ನೊಂದು ಜನರ ಕೂಸನ್ನ ತಿರುಗಿಸಿದೀನಿ," ಎಂದಿದ್ದಳು. ಆ ಧೈರ್ಯದ ಮೇಲೆ ಎಲ್ಸ್ಕೆ ಹಾಡಿಕೊಂಡು ಬಟ್ಟೆ ಒಗೆಯುತ್ತಿದ್ದಳು.

ಗೋಸೆನ್ ಹತ್ತಿರ ಹೋದೆ. ಡಾಕ್ಟರರೂ ಅಲ್ಲೇ ಇದ್ದರು, ಪುಸ್ತಕದ ಮೊದಲ ಪುಟಕ್ಕೆ ತಾಮ್ರದಲ್ಲಿ ಕೊರೆಸಿದ ತಮ್ಮ ಮುಖ ನೋಡುತ್ತಾ. "ಈ ಒಂದು ಹಾಳೆ ಹತ್ತು ದಿನ ನಿಲ್ಲಿಸಿ ಯಜಮಾನ್ರೇ. ನನ್ನ ತಂಗಿ ಹೆರಲಿ. ಆಮೇಲೆ ಸಾವಿರ ಹೊಡೀರಿ, ನಾನೇ ಹೊಡೀತೀನಿ," ಎಂದೆ. ಗೋಸೆನ್ ಡಾಕ್ಟರರ ಮುಖ ನೋಡಿದ. ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. "ಸಂತೆ ಹತ್ತು ದಿನ ಕಾಯುವುದಿಲ್ಲವಪ್ಪ. ನೀನು ತಿಳಿದವನಂತೆ ಯೋಚಿಸಬೇಕು. ನಿನ್ನ ತಾಯಿ ಎಷ್ಟು ಜನ? ಒಬ್ಬಳು. ನಾಳೆ ಅವಳು ತೀರಿಕೊಂಡರೆ ಇದೆಲ್ಲ ಅವಳ ಜೊತೆಗೇ ಮಣ್ಣು. ಪುಸ್ತಕ ಸಾವಿರ ಊರಿಗೆ ಹೋಗುತ್ತದೆ."

"ಸಾವಿರ ಊರಿನ ಸೂಲಗಿತ್ತಿಯರಿಗೆ ಲ್ಯಾಟಿನ್ ಬರುತ್ತಾ?"

"ವೈದ್ಯರಿಗೆ ಬರುತ್ತದೆ. ಅವರು ಹೇಳಿಕೊಡುತ್ತಾರೆ."

"ವೈದ್ಯರು ಯಾವತ್ತು ಹೆರಿಗೆ ಕೋಣೆಗೆ ಹೋಗಿದಾರೆ? ನೀವು ಹೋಗಿದೀರಾ?"

ಗೋಸೆನ್ ನನ್ನ ಮೊಣಕೈ ಚಿವುಟಿದ. ಡಾಕ್ಟರರು ನಕ್ಕು, "ಅಗತ್ಯ ಬಿದ್ದರೆ ನಿನ್ನ ತಂಗಿಗೆ ನಾನೇ ಬರುತ್ತೇನೆ. ಕೈಯಲ್ಲಿ ಹಾಳೆ ಹಿಡಿದುಕೊಂಡೇ ಬರುತ್ತೇನೆ. ಆಯಿತೇ?" ಎಂದರು. ಅವರ ಬೆರಳುಗಳನ್ನು ನೋಡಿದೆ. ಬಿಳಿ, ಉದ್ದ, ಒಂದು ಗಾಯದ ಗುರುತಿಲ್ಲ. ಹೆಣಗಳ ಒಳಗೆ ಮಾತ್ರ ಹೊಕ್ಕ ಬೆರಳು. ಅವರು ಹೋದ ಮೇಲೆ ಗೋಸೆನ್ ತಗ್ಗಿದ ದನಿಯಲ್ಲಿ ಹೇಳಿದ: "ಚೌಕಟ್ಟು ಒಡೆದು ಮೊಳೆ ಚೆಲ್ಲಬೇಕು ಅಂತ ನಿನ್ನ ಕೈ ತುರಿಸ್ತಿದೆ, ನಂಗೆ ಗೊತ್ತು. ಚೆಲ್ಲು. ಎರಡು ದಿನದಲ್ಲಿ ಬೇರೆಯವನ ಕೈಲಿ ಜೋಡಿಸ್ತೀನಿ, ನಿನ್ನನ್ನ ಈ ಬೀದೀಲಿ ಯಾರೂ ಬಾಗಿಲಿಗೂ ಸೇರಿಸದ ಹಾಗೆ ಮಾಡ್ತೀನಿ."

ಒಡೆಯಲಿಲ್ಲ. ಒಡೆದರೆ ಎರಡೇ ದಿನ. ತಪ್ಪು ಮಾಡಿದರೆ ಹೆಚ್ಚು ಸಿಗುತ್ತದೆ ಎಂದು ಹೊಳೆಯಿತು. ಕರಡು ತಿದ್ದುವ ಮುದುಕ ಒಂದೊಂದು ತಪ್ಪನ್ನೂ ಗುರುತು ಹಾಕಿ ವಾಪಸ್ಸು ಕಳಿಸುತ್ತಾನೆ, ಅದನ್ನು ಸರಿಮಾಡಿ ಮತ್ತೆ ಕರಡು ತೆಗೆಯಬೇಕು, ಮತ್ತೆ ಅವನು ನೋಡಬೇಕು. ಒಂದು ತಪ್ಪು ಸರಿ ಮಾಡುವಾಗ ಎರಡು ಮೊಳೆ ತಲೆಕೆಳಗು ಮಾಡಿದೆ. ಸಾಲಿನ ಕೊನೆಯದನ್ನು ಮೊದಲಿಗೆ ಹಾಕಿದೆ. ಅರ್ಥ ಗೊತ್ತಿಲ್ಲದ ಭಾಷೆಯಲ್ಲಿ ತಪ್ಪು ಮಾಡುವುದು ಎಷ್ಟು ಸಲೀಸು!

ಆ ದಿನವೇ ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ನಂಬಲಿಲ್ಲ. "ಛೆ, ಅವರು ಅಂಥವರಲ್ಲ. ನಮ್ಮ ಲೋಟದಲ್ಲಿ ಮಜ್ಜಿಗೆ ಕುಡಿದವರು," ಎಂದಳು. "ನಿನ್ನ ಕೈ ಚಿತ್ರ ಯಾರಾದ್ರೂ ಬರಕೊಂಡ್ರಾ?" ಎಂದೆ. ಅವಳು ತನ್ನ ಕೈ ನೋಡಿಕೊಂಡಳು. ಡಾಕ್ಟರರ ಜೊತೆ ಒಬ್ಬ ಬಂದಿದ್ದನಂತೆ, ಕೈ ಚೆನ್ನಾಗಿದೆ ಎಂದಿದ್ದನಂತೆ. ಇವಳು ಎರಡು ಗಂಟೆ ಅಲುಗದೆ ಕೈ ಚಾಚಿ ಕೂತಿದ್ದಳಂತೆ. "ರಕ್ತ ನಿಲ್ಲಿಸೋದು ಹೇಳವ್ವ," ಎಂದೆ. ಹೇಳಲಾಗಲಿಲ್ಲ. "ಬಳ್ಳಿ ಎಷ್ಟು ಬೆರಳಿಗೆ ಕಟ್ತೀಯ?" ಅದೂ ಇಲ್ಲ. "ಅಡ್ಡ ಮಗು?" ಎಂದೆ. ಅವಳ ಕೈ ತಾನಾಗಿ ಎದ್ದಿತು, ಐದೂ ಬೆರಳು ಸೇರಿ ಮೊಗ್ಗಿನ ಹಾಗೆ ಚೂಪಾಯಿತು. ಅದನ್ನೇ ನೋಡಿಕೊಂಡು ಅವಳು ಮೆಲ್ಲಗೆ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಇದು ಹೋಗೋಕೆ ಮುಂಚೆ ಯಾರಿಗಾದ್ರೂ ದಾಟಿಸಬೇಕು," ಎಂದಳು.

ಕೊರ್ನೇಲಿಯಳನ್ನು ಕರೆದಳು. "ಅಯ್ಯೋ ನನ್ನ ಕೈಲಾಗಲ್ಲ ಬಾರ್ಬೆಲ್ಲಕ್ಕ, ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನನ್ನ ಮಾಟಗಾತಿ ಅಂತ ಹಿಡಕೊಂಡು ಹೋಗ್ತಾರೆ," ಎಂದು ಅವಳು ಓಡಿದಳು. ಇನ್ನಿಬ್ಬರು ನೆಪ ಹೇಳಿದರು. ಉಳಿದವನು ನಾನು.

ಐದು ದಿನ, ಕೆಲಸ ಮುಗಿಸಿ ಬಂದು, ಬೆಳಕಿರುವಷ್ಟು ಹೊತ್ತೂ ಅಡುಗೆಮನೆಯಲ್ಲಿ ಕಲಿತೆ. ಅವ್ವ ಚರ್ಮ ಸುಲಿದ ಒಂದು ಮೊಲವನ್ನು ಒದ್ದೆ ಹಿಟ್ಟಿನ ಚೀಲದೊಳಗೆ ಅಡ್ಡ ಹಾಕಿ, ಬಾಯಿ ಬಿಗಿಯಾಗಿ ಕಟ್ಟಿ, ನನ್ನ ಕೈಗೆ ಅಗಸೆಯೆಣ್ಣೆ ಹಚ್ಚಿ, "ಹೋಗು," ಎನ್ನುತ್ತಿದ್ದಳು. ಕಣ್ಣಿಗೆ ಬಟ್ಟೆ ಕಟ್ಟುತ್ತಿದ್ದಳು. "ನೋವು ಬಂದಾಗ ಕೈ ಕಲ್ಲಾಗಿ ನಿಲ್ಲಬೇಕು. ನೋವು ಹೋದಾಗ ಮಾತ್ರ ಮುಂದೆ. ಮಗೂದು ಕೈ ಹೊರಗೆ ಬಂದಿದ್ರೆ ಅದನ್ನ ಎಳೀಬೇಡ, ಸತ್ರೂ ಎಳೀಬೇಡ. ಪಕ್ಕಕ್ಕೆ ಸರಿದು ಮೇಲೆ ಹೋಗು. ಸಿಕ್ಕಿದ್ದು ಕೈಯೋ ಕಾಲೋ ಹೇಗೆ ಗೊತ್ತಾಗುತ್ತೆ ಹೇಳು?"

"ಹಿಮ್ಮಡಿ ಇದ್ರೆ ಕಾಲು."

"ಹಾಂ. ಹಿಮ್ಮಡಿ ಸಿಗೋವರೆಗೂ ಹಿಡೀಬೇಡ. ಅಯ್ಯೋ ಮುಂಡೇದೇ, ಮೆತ್ತಗೆ! ಇದೇನು ನಿನ್ನ ಮೊಳೆಯಾ, ಕಿತ್ತು ಡಬ್ಬಕ್ಕೆ ಎಸೆಯೋಕೆ!" ನನ್ನ ತಲೆಯ ಮೇಲೆ ಮೊಟಕುತ್ತಿದ್ದಳು. ನಗುತ್ತಲೂ ಇದ್ದಳು. ನನ್ನ ಜೀವಮಾನದಲ್ಲಿ ಯಾವ ಗುರುವೂ ನನಗೆ ಅಷ್ಟು ಚೆನ್ನಾಗಿ ಕಲಿಸಿದ್ದಿಲ್ಲ. ಐದನೆಯ ದಿನ ಚೀಲದೊಳಗೆ ಕುರುಡಾಗಿ ಹೋಗಿ, ತಿರುಗಿಸಿ, ಹಿಂಗಾಲು ಹಿಡಿದು ತೆಗೆದೆ. ಮೊಲದ ಒಂದು ಮೂಳೆಯೂ ಮುರಿದಿರಲಿಲ್ಲ. ಅವ್ವ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ನಿನ್ನ ಕೈ ಚೆನ್ನಾಗಿದೆ ಕಣೋ," ಎಂದಳು.

ಆರನೆಯ ದಿನ ಬೆಳಿಗ್ಗೆ ಗೋಸೆನ್ ನನ್ನ ಮೇಜಿನ ಹತ್ತಿರ ಬಂದು ಐದು ಕರಡನ್ನೂ ಹರಡಿದ. "ಆರು ವರ್ಷದಲ್ಲಿ ನೀನು ನೂರು ತಪ್ಪು ಮಾಡಿರಲಿಕ್ಕಿಲ್ಲ. ಒಂದೇ ಹಾಳೇಲಿ ಇನ್ನೂರು. ನಾನು ಕಿವಿಗೆ ಹೂವಿಟ್ಟುಕೊಂಡಿದೀನಾ?" ಎಂದ. ಚೌಕಟ್ಟು ಎತ್ತಿಕೊಂಡು ಹೋಗಿ ತಾನೇ ತಿದ್ದತೊಡಗಿದ. ಅವನು ಕೊನೆಯ ಸಾಲು ತಿದ್ದಿ ಚೌಕಟ್ಟನ್ನು ಅಚ್ಚಿನ ಮೇಲೆ ಕೂರಿಸುವ ಹೊತ್ತಿಗೆ ಡಾಕ್ಟರರು ಒಳಗೆ ಬಂದರು, ಅವರ ಹಿಂದೆಯೇ ಕೊರ್ನೇಲಿಯ ಬಾಗಿಲಲ್ಲಿ ನಿಂತು ಕೂಗಿದಳು: "ಯೋರಿಸ್! ಎಲ್ಸ್ಕೆಗೆ ನೋವು ಶುರುವಾಯ್ತು. ಮಗೂದು ಕೈ ಹೊರಗೆ ಬಂದಿದೆ. ನಿಮ್ಮವ್ವ ಕೈಗೆ ಎಣ್ಣೆ ಹಚ್ಕೊಂಡು ಕೂತಿದಾಳೆ, ಅಚ್ಚು ಇನ್ನೊಂದು ಗಂಟೆ ತಡೀ ಅಂತ ಹೇಳಿದಾಳೆ!" ಕೂಗಿದವಳು ಹಾಗೇ ಓಡಿದಳು.

ಒಂದು ಗಂಟೆ. ನಾನು ಅಚ್ಚಿನ ಮೇಲೆ ಬಿದ್ದು, ಚೌಕಟ್ಟಿನ ಮೇಲೆ ಎರಡೂ ಕೈ ಚಾಚಿ, "ಈಗ ಅಚ್ಚಿನ ಹಿಡಿ ಎಳೀರಿ ನೋಡೋಣ," ಎಂದೆ. ಗೋಸೆನ್ ಎಳೆಯುತ್ತಿರಲಿಲ್ಲವೋ ಏನೋ. ಅವನಿಗೂ ಹೆಣ್ಣುಮಕ್ಕಳಿದ್ದರು. ಡಾಕ್ಟರರು ತಮ್ಮ ಮೆತ್ತನೆಯ ದನಿಯಲ್ಲಿ, "ಗೋಸೆನ್, ನನಗೆ ಒಂದೇ ಒಂದು ಹಾಳೆ ಸಾಕು. ಅದನ್ನು ಹಿಡಿದು ನಾನೇ ಆ ಹುಡುಗಿಯ ಹತ್ತಿರ ಹೋಗುತ್ತೇನೆ. ಮುದುಕಿಯ ನೆನಪಿಗಿಂತ ಅಚ್ಚಾದದ್ದು ಗಟ್ಟಿ," ಎಂದರು. ಅದನ್ನು ಅವರು ನಿಜವಾಗಿ ನಂಬಿದ್ದರು. ನನ್ನನ್ನು ಸುಡುವುದು ಅದೇ. ಇಬ್ಬರು ಆಳುಗಳು ನನ್ನ ಸೊಂಟ ಹಿಡಿದು ಎಳೆದರು, ಗೋಸೆನ್ ಮುಖ ಆಚೆ ತಿರುಗಿಸಿಕೊಂಡು ಹಿಡಿ ಎಳೆದ. ಹಾಳೆ ಮೊಳೆಯಿಂದ ಬಿಟ್ಟು ಮೇಲೆದ್ದಾಗ ಚಪ್ಪರಿಸಿದಂಥ ಒಂದು ಸಣ್ಣ ಸದ್ದಾಗುತ್ತದೆ. ಆ ಸದ್ದು ಕೇಳಿದೆ.

ಓಡಿದೆ. ಸೇತುವೆ ದಾಟಿ, ಮೀನುಪೇಟೆಯಲ್ಲಿ ಯಾರದೋ ಬುಟ್ಟಿ ಉರುಳಿಸಿ, ಮನೆಗೆ ಬಂದಾಗ ಕೊರ್ನೇಲಿಯ ಹೊಸ್ತಿಲಲ್ಲಿ ಅಳುತ್ತಿದ್ದಳು. "ಒಳಗೆ ಬಗ್ಗಿದ್ದಳು ಕಣೋ. ಬಗ್ಗಿದವಳು ಹಾಗೇ ನಿಂತುಬಿಟ್ಟಳು. ಕೈ ನೋಡ್ಕೊಂಡು, 'ಇದ್ಯಾಕೆ ನಾನು ಎಣ್ಣೆ ಹಚ್ಕೊಂಡಿದೀನಿ?' ಅಂತ ನನ್ನ ಕೇಳಿದಳು."

"ಸರಿ, ನಂಗೆ ಮಾಡೋಕೆ ಗೊತ್ತು," ಎಂದು ಕೋಣೆಯ ಬಾಗಿಲಿಗೆ ಕೈ ಹಾಕಿದೆ. ಅವ್ವ ಅಡ್ಡ ನಿಂತಳು. "ಎಲ್ಲಿಗೆ ಬರ್ತೀಯ? ಹೆರಿಗೆ ಕೋಣೆಗೆ ಗಂಡಸು ಬರಬಾರದು."

"ಅವ್ವ, ನೀನೇ ಕಲಿಸಿದೆ. ಮೊಲ, ಚೀಲ. ನೆನ್ನೆ ನನ್ನ ಕೈ ಚೆನ್ನಾಗಿದೆ ಅಂದೆ."

"ನಿಂಗೆ ನಾನ್ಯಾಕೆ ಅಂಥಾದ್ದು ಕಲಿಸಲಿ? ನನ್ನ ತಾಯಿ ಹೇಳಿದ್ಲು, ಗಂಡಸಿನ ನೆರಳೂ ಬೀಳಬಾರದು ಅಂತ. ನಾಚಿಕೆಯಾಗಲ್ವೇನೋ, ತಂಗಿ ಅವಳು!" ಬಾಗಿಲು ಹಾಕಿ ಅಗುಳಿ ಜಡಿದಳು. ಗಂಡಸು ಬರಬಾರದು ಎನ್ನುವುದನ್ನು ಅವಳು ಡಾಕ್ಟರರಿಗೆ ಹೇಳಿರಲಿಲ್ಲ. ಗಂಡಸೊಬ್ಬ ಎದುರಿಗೇ ಕೂತು ಕೇಳುತ್ತಿರುವಾಗ ಯಾವ ಬಾಯಲ್ಲಿ ಹೇಳುತ್ತಾಳೆ? ಅದಕ್ಕೇ ಅದು ಅಚ್ಚಾಗಿರಲಿಲ್ಲ. ತಿಳಿವಳಿಕೆಯೆಲ್ಲ ಹೋಗಿತ್ತು, ಅಗುಳಿ ಮಾತ್ರ ಉಳಿದಿತ್ತು.

ಡಾಕ್ಟರರು ಬಂದರು. ಶಾಯಿ ಕಲೆಸದಿರಲಿ ಎಂದು ಹಸಿ ಹಾಳೆಯನ್ನು ಎರಡು ಮೂಲೆಯಲ್ಲಿ ಹಿಡಿದುಕೊಂಡು, ಓಡದೆ, ನಡೆದು ಬಂದರು. ಅವರಿಗೆ ಬಾಗಿಲು ತೆರೆಯಿತು. ಅವ್ವ ತಲೆ ಬಾಗಿಸಿ ದಾರಿ ಬಿಟ್ಟಳು. ಲ್ಯಾಟಿನ್ ಬಲ್ಲವರು ನಮ್ಮೂರಿನಲ್ಲಿ ಗಂಡಸರ ಲೆಕ್ಕಕ್ಕೆ ಬರುವುದಿಲ್ಲ. ಮತ್ತೆ ಅಗುಳಿ. ಒಳಗೆ ಅವರು ಓದುವುದು ಕೇಳಿಸಿತು. ನಾನು ಜೋಡಿಸಿದ ಅದೇ ಸಾಲುಗಳು, ಮೊದಲ ಬಾರಿ ದನಿಯಾಗಿ. ಇಂಪಾಗಿಯೇ ಇತ್ತು. ನಡುನಡುವೆ ನಿಲ್ಲಿಸಿ, "ಇದಕ್ಕೆ ನಿಮ್ಮ ಮಾತಿನಲ್ಲಿ ಏನನ್ನುತ್ತೀರಿ ತಾಯಿ?" ಎಂದು ಕೇಳುತ್ತಿದ್ದರು. "ನಂಗೇನು ಗೊತ್ತು ಸ್ವಾಮಿ," ಎಂದು ಅವ್ವ. ಆಮೇಲೆ ಎಲ್ಸ್ಕೆ ಕಿರುಚಿದಳು. ಅದು ಹೆರಿಗೆ ನೋವಿನ ಕಿರುಚಾಟವಲ್ಲ, ಮೈ ಹರಿಯುವಾಗಿನ ಕಿರುಚಾಟ. ಕೊರ್ನೇಲಿಯ ಕಿವಿ ಮುಚ್ಚಿಕೊಂಡಳು.

"ಕೈ ಎಳೀಬೇಡಿ!" ಎಂದು ಬಾಗಿಲಿಗೆ ಬಾಯಿ ಹಚ್ಚಿ ಅರಚಿದೆ. "ಕೈ ಬಿಡಿ! ಪಕ್ಕಕ್ಕೆ ಸರೀರಿ! ಹಿಮ್ಮಡಿ ಹುಡುಕಿ!"

"ಅವನನ್ನ ಆಚೆ ಕಳಿಸ್ರೇ," ಎಂದಳು ಒಳಗಿನಿಂದ ಅವ್ವ.

ಆಗ ಎಲ್ಸ್ಕೆ, "ಅಣ್ಣಾ! ಅಣ್ಣನ್ನ ಬಿಡ್ರೋ ಒಳಗೆ!" ಎಂದಳು.

ಬಾಗಿಲು ಹಳೆಯದು. ಮೂರನೆಯ ಒದೆತಕ್ಕೆ ಅಗುಳಿ ಕಿತ್ತು ಬಂತು. ಒಳಗೆ ನೋಡಿದ್ದನ್ನೆಲ್ಲ ಬರೆಯುವುದಿಲ್ಲ. ಡಾಕ್ಟರರ ಬಿಳಿಯ ಬೆರಳುಗಳ ನಡುವೆ ನೀಲಿಗಟ್ಟಿದ ಒಂದು ಪುಟ್ಟ ಕೈ. ಅವರನ್ನು ಹಿಂದಕ್ಕೆ ತಳ್ಳಿದೆ. ಎಣ್ಣೆ ಹಚ್ಚಿಕೊಂಡೆ. ಉಗುರ ಸಂದಿಯ ಶಾಯಿ ಹೋಗಲಿಲ್ಲ. ಅವ್ವ ನನ್ನ ಬೆನ್ನಿಗೆ ಎರಡು ಕೈಯಲ್ಲೂ ಗುದ್ದುತ್ತಿದ್ದಳು, "ಪಾಪಿ, ಪಾಪಿ," ಎನ್ನುತ್ತಾ. ನೋವು ಬಂದಾಗ ಕಲ್ಲಾಗಿ ನಿಂತೆ. ಹೋದಾಗ ಮುಂದೆ ಹೋದೆ. ಕಣ್ಣು ಮುಚ್ಚಿಕೊಂಡಿದ್ದೆ. ತಂಗಿ ಎಂಬುದನ್ನು ಮರೆಯಲು, ಮೊಲ, ಮೊಲ ಎಂದುಕೊಳ್ಳುತ್ತಿದ್ದೆ. ಬೆನ್ನು ಸಿಕ್ಕಿತು. ಮೊಣಕಾಲು. ಹಿಮ್ಮಡಿ. ನನ್ನ ಹಿಂದೆ ಕಿಟಕಿಯ ಬೆಳಕಿಗೆ ಹಾಳೆ ಹಿಡಿದು ನಿಂತ ಡಾಕ್ಟರರು ಸಾಲಿನ ಮೇಲೆ ಬೆರಳಿಟ್ಟು, "ಹೌದು... ಹೌದು, ಹಾಗೆಯೇ ಇದೆ ಇಲ್ಲಿ," ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

ಮಗು ಕಾಲು ಮುಂದಾಗಿ ಬಂತು. ಗಂಡು. ಬೆನ್ನು ತಟ್ಟಿದ ಮೇಲೆ ಅತ್ತಿತು. ಅದರ ಬಲಗೈ ಜೋತುಬಿದ್ದಿತ್ತು, ಎಳೆದ ಕೈ. ಅದು ಇನ್ನು ಯಾವತ್ತೂ ಎದ್ದೇಳುವುದಿಲ್ಲ ಎಂದು ಆಗಲೇ ಗೊತ್ತಾಯಿತು. ಎಲ್ಸ್ಕೆ ಉಸಿರಾಡುತ್ತಿದ್ದಳು. ನಾನು ಮಗುವನ್ನು ಬಟ್ಟೆಯಲ್ಲಿ ಸುತ್ತಿ ಅವ್ವನ ಕಡೆ ಚಾಚಿದೆ. ಅವಳು ನನ್ನ ಕೈಯಿಂದ ಕೂಸನ್ನು ಕಿತ್ತುಕೊಂಡು, ನೆಲದ ಮೇಲೆ ಮಂಡಿಯೂರಿ, ಡಾಕ್ಟರರ ನಿಲುವಂಗಿಯ ಅಂಚು ಹಿಡಿದುಕೊಂಡು ಅತ್ತಳು. "ನಿಮ್ಮ ಪುಸ್ತಕ ನನ್ನ ಮಗಳನ್ನ ಉಳಿಸಿತು ಸ್ವಾಮಿ. ಇದನ್ನೆಲ್ಲ ತಿಳಕೊಂಡು ಬರೆದಿದೀರಲ್ಲ, ದೇವರಂಥವರು ನೀವು." ಡಾಕ್ಟರರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಬಗ್ಗಿ ಅವಳನ್ನು ಎತ್ತಿ, "ಏಳಿ ತಾಯಿ," ಎಂದರು.

ಮೂರನೆಯ ದಿನ ಜ್ಞಾನಸ್ನಾನ. ಮಗುವಿಗೆ ಧರ್ಮಪಿತನಾಗಿ ನಿಂತವರು ಡಾಕ್ಟರರೇ, ಇಟ್ಟ ಹೆಸರೂ ಅವರದೇ. ನನ್ನನ್ನು ಕರೆಯಲಿಲ್ಲ. ಅಷ್ಟರಲ್ಲಿ ಅವ್ವ ನನ್ನ ಹಾಸಿಗೆ ಸುತ್ತಿ ಬೀದಿಬಾಗಿಲಲ್ಲಿ ಇಟ್ಟಿದ್ದಳು, ಗೋಸೆನ್ ನನ್ನ ಮೇಜಿಗೆ ಬೇರೆ ಕತ್ತೆಯನ್ನು ಹುಡುಕಿಕೊಂಡಿದ್ದ. ಚರ್ಮ ಹದ ಮಾಡುವವರ ಕೇರಿಯಲ್ಲಿ ತೊಗಲು ಕೆರೆಯುವ ಕೆಲಸಕ್ಕೆ ಸೇರಿದೆ. ಅಲ್ಲಿಯ ನಾತಕ್ಕೆ ಯಾರೂ ಯಾರನ್ನೂ ಮಾತನಾಡಿಸುವುದಿಲ್ಲ. ಆದರೂ ಊರಿನ ಮಾತು ತೇಲಿ ಬರುತ್ತಿತ್ತು. ಒಂದು ವಾರ ನನ್ನ ಸುದ್ದಿ: ತಂಗಿಯ ಹೆರಿಗೆ ಕೋಣೆಗೆ ಬಾಗಿಲು ಒದ್ದು ನುಗ್ಗಿದ ಪೋಲಿ. ಎರಡನೆಯ ವಾರ ಕೊರ್ನೇಲಿಯ ಜನರಿಗೆ ಬೇರೆ ಹೇಳತೊಡಗಿದಳು: ಯೋರಿಸ್ ಬಾಗಿಲು ಒದ್ದದ್ದು ನಿಜ, ಒಳಗೆ ಮಾಡಿದ್ದೆಲ್ಲ ಡಾಕ್ಟರೇ. ಅವಳು ನನಗೆ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದಳು. ಮೂರನೆಯ ವಾರ ಪುಸ್ತಕ ಫ್ರಾಂಕ್‌ಫರ್ಟಿಗೆ ಹೋಯಿತು. ಕಾಲುವೆಯ ಎರಡೂ ದಂಡೆಯಲ್ಲಿ ಅಡ್ಡ ಮಗುವನ್ನು ತಿರುಗಿಸಬಲ್ಲವನು ತೊಗಲು ಕೆರೆಯುತ್ತಿದ್ದ ನಾನೊಬ್ಬನೇ. ಮಗು ಅಡ್ಡ ಬಿದ್ದಿದೆ ಎಂದು ಕೇಳಿ ಇಬ್ಬರ ಮನೆಗೆ ನಾನಾಗಿ ಹೋಗಿ ಹೇಳಿದೆ. ಒಬ್ಬನು ನಾಯಿ ಬಿಟ್ಟ. ಇನ್ನೊಬ್ಬ ಕೇಳಿಸಿಕೊಂಡು, ಡಾಕ್ಟರರಿಗೇ ಹೇಳಿ ಕಳಿಸಿದ. ಆ ಮನೆಯಿಂದ ಎರಡು ಶವಪೆಟ್ಟಿಗೆ ಹೊರಟವು, ಒಂದು ದೊಡ್ಡದು, ಒಂದು ಚಿಕ್ಕದು.

ಅವತ್ತು ನಿಶ್ಚಯ ಮಾಡಿದೆ. ನಲವತ್ತು ದಿನ ಕಳೆದ ಮೇಲೆ ಬಾಣಂತಿ ಮೊದಲ ಸಲ ಚರ್ಚಿಗೆ ಬರುತ್ತಾಳೆ, ಇಡೀ ಕೇರಿ ಮೆಟ್ಟಿಲ ಮೇಲೆ ಸೇರುತ್ತದೆ. ಎಲ್ಲರೆದುರು ಹೇಳಬೇಕು. ಎಲ್ಸ್ಕೆಯೇ ಸಾಕ್ಷಿ. ಅವಳೊಂದು ಮಾತು ಹೇಳಿದರೆ ಮುಂದಿನವಳು ಬದುಕುತ್ತಾಳೆ. ಕೈ ಮೂರು ಸಲ ತೊಳೆದುಕೊಂಡು ಹೋದೆ.

ಅವಳು ಬಂದಳು. ಬಿಳಿಯ ತಲೆವಸ್ತ್ರ, ಕೈಯಲ್ಲಿ ಕೂಸು. ಒಂದು ಪಕ್ಕದಲ್ಲಿ ಅವ್ವ, ಇನ್ನೊಂದು ಪಕ್ಕದಲ್ಲಿ ಸಮುದ್ರದಿಂದ ಬಂದ ಅವಳ ಗಂಡ. ಅವನ ದವಡೆ ಬಿಗಿದಿತ್ತು, ಅವನ ಕಿವಿಗೆ ಏನೇನು ಬಿದ್ದಿತ್ತೋ. ಮೆಟ್ಟಿಲ ಮೇಲಿದ್ದವರೆಲ್ಲ ನನ್ನನ್ನೂ ಅವಳನ್ನೂ ನೋಡತೊಡಗಿದರು. ಎಲ್ಸ್ಕೆ ನನ್ನೆದುರಿಗೆ ಬಂದು ನಿಂತಳು, ಕಣ್ಣು ನನ್ನ ಪಾದದ ಮೇಲೆ. ಆ ದಿನದಿಂದ ಅವಳು ನನ್ನ ಮುಖ ನೋಡಿರಲಿಲ್ಲ. ತುಟಿ ಅಲುಗದ ಹಾಗೆ, ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದಳು: "ಅಣ್ಣಾ, ನಾನು ಇವನ ಜೊತೆ ಬಾಳಬೇಕು. ಈ ಬೀದೀಲಿ ಓಡಾಡಬೇಕು."

ನನಗೆ ಸಿಟ್ಟು ಎಲ್ಲಿಂದಲೋ ಏರಿ ಬಂತು. ಗೋಸೆನ್ ಮೇಲೆ, ಆ ಮಡಿಕೆಪಟ್ಟಿಯ ಡಾಕ್ಟರರ ಮೇಲೆ, ಅವ್ವನ ಮೇಲೆ, ಅಲ್ಲಿ ಬಾಯಿ ತೆರೆದು ನಿಂತ ಒಂದೊಂದು ಮುಖದ ಮೇಲೆ. ಅವಳ ಮೇಲೆ ಮಾತ್ರ ಬರಲಿಲ್ಲ. ಎಷ್ಟು ಹುಡುಕಿದರೂ ಬರಲಿಲ್ಲ.

ಅವಳ ಗಂಡ ಒಂದು ಹೆಜ್ಜೆ ಮುಂದೆ ಬಂದು, "ಎಲ್ಲರ ಮುಂದೆ ಹೇಳಿಬಿಡು. ಅವತ್ತು ಒಳಗೆ ಇವಳನ್ನ ಮುಟ್ಟಿದ್ದು ಯಾರು?" ಎಂದ.

"ಡಾಕ್ಟರು," ಎಂದೆ. ಸಾಲದೆ, ಮೆಟ್ಟಿಲ ಕೊನೆಯವರಿಗೂ ಕೇಳಲಿ ಎಂದು ಇನ್ನೊಂದು ಸಲ ಗಟ್ಟಿಯಾಗಿ ಹೇಳಿದೆ. "ಎಲ್ಲಾ ಡಾಕ್ಟರೇ ಮಾಡಿದ್ದು. ಪುಸ್ತಕ ನೋಡಿಕೊಂಡು. ನಾನು ಬಾಗಿಲ ಹತ್ತಿರ ನಿಂತಿದ್ದೆ."

ಆಗ ಎಲ್ಸ್ಕೆ ತಲೆಯೆತ್ತಿ ನನ್ನ ಮುಖ ನೋಡಿದಳು.